ಬಾಟಲಿ ತೊಳೆಯಲು ಬಂದ ಹುಡುಗ: ನೊಣಗಳ ನಕ್ಷೆಗಾರ ಕ್ಯಾಲ್ವಿನ್ ಬ್ರಿಡ್ಜಸ್



ವ್ಯಕ್ತಿಪರಿಚಯದ ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕವಿಗಳನ್ನೋ ಗಾಯಕರನ್ನೋ ನೆನೆಯುತ್ತೇವೆ. ಈ ಸಲ ಒಬ್ಬ ವಿಜ್ಞಾನಿ. ಅವನು ಕನ್ನಡಿಗನಲ್ಲ, ನಮ್ಮ ನಾಡಿಗೆ ಬಂದವನೂ ಅಲ್ಲ. ಆದರೆ ಅವನು ಬದುಕಿಡೀ ನೋಡುತ್ತ ಕುಳಿತ ಜೀವಿಯನ್ನು ನಾವು ದಿನಾಲೂ ಕೈಬೀಸಿ ಓಡಿಸುತ್ತೇವೆ. ಕಳಿತ ಬಾಳೆಹಣ್ಣಿನ ಮೇಲೆ, ಗಾಣದ ಮನೆಯಲ್ಲಿ ಚೆಲ್ಲಿದ ಕಬ್ಬಿನ ಹಾಲಿನ ಮೇಲೆ, ಗಡಹಿಂಗ್ಲಜದ ಬೆಲ್ಲದ ಪೇಟೆಯಲ್ಲಿ ಒಡೆದ ಪೆಂಟಿಯ ಸುತ್ತ ಹಾರಾಡುವ ಆ ಸಣ್ಣ ನುಸಿ. ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಕೆಂಪು ಕಣ್ಣು, ಕಂದು ಮೈ. ಶಾಸ್ತ್ರದ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಮ್ಮ ರೈತರು ಮರಾಠಿಯಲ್ಲಿ ಫಳಮಾಶಿ ಎಂದು ಬೈಯುವ, ಮಾವು, ಹೀರೆ, ಸೌತೆಯೊಳಗೆ ಹುಳ ಬಿಡುವ ನೊಣವೇ ಬೇರೆ, ಇದೇ ಬೇರೆ. ಇದು ಗಟ್ಟಿ ಹಣ್ಣನ್ನು ಕೊರೆಯುವುದಿಲ್ಲ. ಹುಳಿಯೆದ್ದ ಹಣ್ಣಿನಲ್ಲಿರುವ ಹುದುಗು ಇದರ ಊಟ. 25 ಡಿಗ್ರಿ ಸೆಖೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗಲು ಹತ್ತು ದಿನ ಸಾಕು. ಒಂದು ಮನುಷ್ಯ ತಲೆಮಾರಿಗೆ ಕಾಯುವಷ್ಟು ಹೊತ್ತಿನಲ್ಲಿ ಇದರ ನೂರಾರು ತಲೆಮಾರು ಮುಗಿದಿರುತ್ತವೆ. ಅನುವಂಶದ ಲೆಕ್ಕ ಹಾಕುವವರಿಗೆ ಇನ್ನೇನು ಬೇಕು?

ಕ್ಯಾಲ್ವಿನ್ ಬ್ಲ್ಯಾಕ್‌ಮನ್ ಬ್ರಿಡ್ಜಸ್ ಹುಟ್ಟಿದ್ದು 1889ರ ಜನವರಿ 11ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿರುವ ಸ್ಕೈಲರ್ ಫಾಲ್ಸ್ ಎಂಬ ಹಳ್ಳಿಯಲ್ಲಿ. ಎರಡು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಮರುವರ್ಷ ತಂದೆಯೂ ಹೋದ. ಸಾಕಿದವಳು ಅಜ್ಜಿ, ತಂದೆಯ ತಾಯಿ. ಮುದುಕಿಗೆ ಆಸರೆಯಾಗಬೇಕಾದ ಹುಡುಗನಿಗೆ ಶಾಲೆ ನೆಟ್ಟಗೆ ನಡೆಯಲಿಲ್ಲ. ಪ್ರೌಢಶಾಲೆ ಮುಗಿಯುವ ಹೊತ್ತಿಗೆ ವಯಸ್ಸು ಇಪ್ಪತ್ತಾಗಿತ್ತು. ಆದರೂ 1909ರಲ್ಲಿ ವಿದ್ಯಾರ್ಥಿವೇತನ ಗಿಟ್ಟಿಸಿ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. ಅದೇ ವರ್ಷಗಳಲ್ಲಿ ನಮ್ಮ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಒಂದೊಂದು ಸಮಾಜಕ್ಕೂ ಬೋರ್ಡಿಂಗ್ ಕಟ್ಟಿಸಿ ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಡುತ್ತಿದ್ದರು. ಬಡ ಹುಡುಗನೊಬ್ಬ ಓದಬೇಕಾದರೆ ಬುದ್ಧಿಗಿಂತ ಮೊದಲು ತಲೆಯ ಮೇಲೊಂದು ಸೂರು, ಎರಡು ಹೊತ್ತಿನ ಕೂಳು ಬೇಕು ಎಂಬುದು ಎರಡೂ ಕಡೆ ಒಂದೇ.

ಕೊಲಂಬಿಯಾದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು ಥಾಮಸ್ ಹಂಟ್ ಮಾರ್ಗನ್. ಆ ಪ್ರಾಧ್ಯಾಪಕರಿಗೆ ಮೊದಲ ವರ್ಷದ ಹುಡುಗರಿಗೆ ಪಾಠ ಹೇಳುವ ರೂಢಿ ಇರಲಿಲ್ಲ. ಆ ವರ್ಷ ಹೇಳಿದರು. ಆ ತರಗತಿಯಲ್ಲಿ ಬ್ರಿಡ್ಜಸ್ ಇದ್ದ, ಆಲ್ಫ್ರೆಡ್ ಸ್ಟರ್ಟೆವಂಟ್ ಎಂಬ ಇನ್ನೊಬ್ಬ ಹುಡುಗನೂ ಇದ್ದ. ಇಬ್ಬರೂ ಮುಂದೆ ಮಾರ್ಗನ್ನರ ಎಡಗೈ ಬಲಗೈ ಆದರು. ಖರ್ಚಿಗೆ ಕಾಸಿಲ್ಲದ ಬ್ರಿಡ್ಜಸ್ ಕೆಲಸ ಕೇಳಿದಾಗ ಸಿಕ್ಕದ್ದು ಪ್ರಯೋಗಾಲಯದ ಬಾಟಲಿ ತೊಳೆಯುವ ಕೆಲಸ. ನೊಣಗಳನ್ನು ಸಾಕುತ್ತಿದ್ದದ್ದು ಹಾಲಿನ ಗಾಜಿನ ಬಾಟಲಿಗಳಲ್ಲಿ. ಹಳೆಯ ಬಾಟಲಿಯ ದಪ್ಪ, ಮಸುಕು ಗಾಜಿನಾಚೆ ಒಂದು ನೊಣದ ಕಣ್ಣಿನ ಬಣ್ಣ ಉಳಿದವುಗಳ ಹಾಗಿಲ್ಲ, ಹೆಚ್ಚು ಕೆಂಪಾಗಿದೆ ಎಂದು ತೊಳೆಯುವ ಹುಡುಗನಿಗೆ ಕಂಡಿತು. ಭೂತಗನ್ನಡಿ ಹಿಡಿದು ಕುಳಿತವರಿಗೆ ಕಾಣದ್ದು ಬರಿಗಣ್ಣಿಗೆ ಕಂಡಿತ್ತು. ಆ ಬಗೆಗೆ ವರ್ಮಿಲಿಯನ್, ಅಂದರೆ ಇಂಗಲೀಕದ ಬಣ್ಣ, ಎಂದು ಹೆಸರಾಯಿತು. ಬ್ರಿಡ್ಜಸ್ ಬಾಟಲಿ ಬಿಟ್ಟು ಮಾರ್ಗನ್ನರ ಸಹಾಯಕನಾದ.

ನೊಣದ ಕೋಣೆ ಎಂದೇ ಹೆಸರಾದ ಆ ಜಾಗ ಬಹಳ ಚಿಕ್ಕದು. ಹದಿನಾರು ಅಡಿ ಅಗಲ, ಇಪ್ಪತ್ಮೂರು ಅಡಿ ಉದ್ದ, ಅದರೊಳಗೆ ಎಂಟು ಮೇಜು. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಇದಕ್ಕಿಂತ ದೊಡ್ಡವು ಎಷ್ಟೋ ಇವೆ. ಮೂಲೆಯಲ್ಲಿ ಬಾಳೆಗೊನೆ ತೂಗುತ್ತಿತ್ತು, ಹುಳಿವಾಸನೆ ಬಡಿಯುತ್ತಿತ್ತು, ತಪ್ಪಿಸಿಕೊಂಡ ನೊಣಗಳು ಎಲ್ಲೆಡೆ. ಇಲ್ಲಿ ಹದಿನೇಳು ವರ್ಷ ನಡೆದ ಕೆಲಸದಿಂದ ಜೀನ್‌ಗಳು ವರ್ಣತಂತುಗಳ ಮೇಲೆ ಮಣಿಗಳ ಹಾಗೆ ಸಾಲಾಗಿ ಕುಳಿತಿವೆ ಎಂಬ ಮಾತು ಸಿದ್ಧವಾಯಿತು.

ಬ್ರಿಡ್ಜಸನ ಬಂಡವಾಳ ಎರಡು: ಕಣ್ಣು ಮತ್ತು ಕೈ. ಸಾವಿರ ನೊಣಗಳ ರಾಶಿಯಲ್ಲಿ ಒಂದರ ಬೆನ್ನಿನ ರೋಮ ಕೂದಲೆಳೆಯಷ್ಟು ಮೋಟಾಗಿದ್ದರೂ ಅವನಿಗೆ ಕಾಣುತ್ತಿತ್ತು. ಆ ಗುಂಪಿನಲ್ಲಿ ಹೊಸ ಬಗೆಯ ನೊಣಗಳನ್ನು ಅವನಷ್ಟು ಹುಡುಕಿದವರು ಇನ್ನೊಬ್ಬರಿಲ್ಲ. ಕೈಕೆಲಸದಲ್ಲೂ ಹಾಗೆಯೇ. ಒಂಟಿ ಭೂತಗನ್ನಡಿಯ ಬದಲು ಎರಡೂ ಕಣ್ಣಿನಿಂದ ನೋಡುವ ಸೂಕ್ಷ್ಮದರ್ಶಕ ತಂದ, ಸೆಖೆ ಏರದಂತೆ ಇಳಿಯದಂತೆ ಕಾಯುವ ಪೆಟ್ಟಿಗೆ ಮಾಡಿದ, ನೊಣಗಳಿಗೆ ಮಂಪರು ಬರಿಸುವ ಈಥರ್ ಬಾಟಲಿ ಸುಧಾರಿಸಿದ. ಬಾಳೆಹಣ್ಣು ದುಬಾರಿ, ಒಂದೊಂದು ಸಲ ಒಂದೊಂದು ಥರ. ಅದನ್ನು ಬಿಟ್ಟು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಅಗಾರ್ ಕುದಿಸಿ ಹೆಪ್ಪುಗಟ್ಟಿಸಿದ ಅಂಬಲಿಯನ್ನು ರೂಢಿಗೆ ತಂದ. ಇಂದಿಗೂ ಜಗತ್ತಿನ ನೊಣದ ಪ್ರಯೋಗಾಲಯಗಳ ಅಡುಗೆ ಹೆಚ್ಚುಕಡಿಮೆ ಇದೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿರುವ ಡ್ರೊಸೊಫಿಲಾ ಸಂಗ್ರಹ ಕೇಂದ್ರದವರು ಕಾಕಂಬಿಯ ಜಾಗದಲ್ಲಿ ಬೆಲ್ಲ, ಜೋಳದ ಹಿಟ್ಟಿನ ಜಾಗದಲ್ಲಿ ಗೋಧಿ ರವೆ ಹಾಕಿದರು. ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಹತ್ತು ಗ್ರಾಂ ಅಗಾರ್, ಬೂಜು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ತುಪ್ಪ ಹಾಕಿದರೆ ನಮ್ಮ ಶಿರಾ ಆದೀತು.

ಅವನಿಗೆ ಹೆಸರು ತಂದ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿಳಿ ಕಣ್ಣಿನ ಹೆಣ್ಣು, ಕೆಂಪು ಕಣ್ಣಿನ ಗಂಡು ಕೂಡಿಸಿದರೆ ಹೆಣ್ಣುಮಕ್ಕಳೆಲ್ಲ ಕೆಂಪು, ಗಂಡುಮಕ್ಕಳೆಲ್ಲ ಬಿಳಿ. ಕಣ್ಣಿನ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಆದ್ದರಿಂದ ಹೀಗೆ ಎಂದು ಮಾರ್ಗನ್ ಹೇಳಿದ್ದರು. ಆದರೆ ಸುಮಾರು ಎರಡು ಸಾವಿರಕ್ಕೆ ಒಂದರಂತೆ ತಪ್ಪಿ ಹುಟ್ಟುವ ಮರಿಗಳಿದ್ದವು: ಬಿಳಿ ಕಣ್ಣಿನ ಮಗಳು, ಕೆಂಪು ಕಣ್ಣಿನ ಮಗ. ಬೇರೆಯವರಾದರೆ ಯಾವುದೋ ಬಾಟಲಿಯ ನೊಣ ಬೆರೆತಿರಬೇಕೆಂದು ಬಿಸಾಡುತ್ತಿದ್ದರು. ಬ್ರಿಡ್ಜಸ್ ಬಿಡಲಿಲ್ಲ. ತಾಯಿಯ ಎರಡು ಎಕ್ಸ್‌ಗಳು ಅಂಡ ತಯಾರಾಗುವಾಗ ಬೇರೆಯಾಗದೆ ಜೊತೆಯಾಗಿಯೇ ಉಳಿದಿದ್ದರೆ? ಆಗ ಬಿಳಿ ಕಣ್ಣಿನ ಮಗಳಲ್ಲಿ ತಾಯಿಯ ಎರಡು ಎಕ್ಸ್, ಜೊತೆಗೆ ತಂದೆಯ ಒಂದು ವೈ ಇರಬೇಕು. ಕೆಂಪು ಕಣ್ಣಿನ ಮಗನಲ್ಲಿ ತಂದೆಯ ಎಕ್ಸ್ ಮಾತ್ರ ಇದ್ದು ವೈ ಇರಬಾರದು. ಸೂಕ್ಷ್ಮದರ್ಶಕದಡಿ ಎಣಿಸಿದ. ಹೇಳಿದ ಹಾಗೇ ಇತ್ತು. ವೈ ಇಲ್ಲದ ಆ ಗಂಡುಗಳಿಗೆ ಮರಿ ಆಗುತ್ತಿರಲಿಲ್ಲ ಎಂಬುದೂ ತಿಳಿಯಿತು.

ಜೀನ್ ಎನ್ನುವುದು ಲೆಕ್ಕದ ಪುಸ್ತಕದ ಕಲ್ಪನೆಯಲ್ಲ, ಕಣ್ಣಿಗೆ ಕಾಣುವ ವರ್ಣತಂತುವಿನ ಮೇಲೆ ಕುಳಿತ ವಸ್ತು ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಅದುವರೆಗೆ ಇರಲಿಲ್ಲ. 1916ರ ಜನವರಿಯಲ್ಲಿ ಜೆನೆಟಿಕ್ಸ್ ಎಂಬ ಹೊಸ ಪತ್ರಿಕೆ ಹೊರಟಾಗ ಅದರ ಮೊದಲ ಸಂಚಿಕೆಯ ಮೊದಲ ಪುಟದಿಂದ ಆರಂಭವಾದದ್ದು ಬ್ರಿಡ್ಜಸನ ಈ ಪ್ರಬಂಧ. ಅದೇ ಅವನ ಪಿಎಚ್.ಡಿ. ಕೂಡ. ಇಡೀ ಡ್ರೊಸೊಫಿಲಾ ಸಾಹಿತ್ಯದಲ್ಲಿ ಒಂದೇ ಒಂದು ಬರಹ ಓದಬೇಕೆಂದರೆ ನಾವು ಇದನ್ನೇ ಸೂಚಿಸುತ್ತೇವೆ. ಹಿಂದಿನ ವರ್ಷ ಮಾರ್ಗನ್, ಸ್ಟರ್ಟೆವಂಟ್, ಮುಲ್ಲರ್, ಬ್ರಿಡ್ಜಸ್ ನಾಲ್ವರೂ ಸೇರಿ ಬರೆದ ಪುಸ್ತಕ ಹೆಚ್ಚು ಪ್ರಸಿದ್ಧ, ನಿಜ.

ಈಗ ಬೆಳವಣಿಗೆಯ ಮಾತು. ಈ ಲೇಖನಕ್ಕೆ ನಾವು ಬ್ರಿಡ್ಜಸನನ್ನು ಆರಿಸಿದ್ದೇ ಅದಕ್ಕಾಗಿ.

ಕಣ್ಣಿನ ಬಣ್ಣ ಬದಲಾದ ನೊಣಗಳ ನಡುವೆ ಅಳತೆ ಬದಲಾದ ನೊಣಗಳೂ ಅವನ ಕಣ್ಣಿಗೆ ಬೀಳುತ್ತಿದ್ದವು. ಒಂದು ಬಗೆಯ ನೊಣಕ್ಕೆ ಕಾಲು ಮೋಟು, ರೆಕ್ಕೆಯೂ ಗಿಡ್ಡ. ಉದ್ದ ಮೈ, ಚೋಟುಕಾಲಿನ ಜರ್ಮನ್ ನಾಯಿಯ ನೆನಪಿನಲ್ಲಿ ಅದಕ್ಕೆ ಡ್ಯಾಕ್ಸ್ ಎಂದು ಹೆಸರಿಟ್ಟರು. 1919ರಲ್ಲಿ ಬ್ರಿಡ್ಜಸ್ ಮತ್ತು ಮಾರ್ಗನ್ ಎರಡನೆಯ ವರ್ಣತಂತುವಿನ ಜೀನ್‌ಗಳ ಬಗ್ಗೆ ಹೊರತಂದ ದೊಡ್ಡ ವರದಿಯಲ್ಲಿ ಅದು ದಾಖಲಾಯಿತು. ಇನ್ನೊಂದು ಬಗೆ ಮಿನಿಟ್. ಈ ನೊಣಗಳ ಬೆನ್ನಿನ ರೋಮ ಸಣ್ಣ, ತೆಳು. ಮರಿಹುಳು ಬೆಳೆಯುವುದೇ ನಿಧಾನ, ಅಣ್ಣತಮ್ಮಂದಿರು ಹಾರಿಹೋದ ಮೇಲೆ ತಡವಾಗಿ ಹೊರಬರುತ್ತದೆ. ಇಂಥವು ಒಂದೆರಡಲ್ಲ, ಎಲ್ಲ ವರ್ಣತಂತುಗಳ ಮೇಲೂ ಅಲ್ಲಲ್ಲಿ ಸಿಕ್ಕವು. 1915ರಲ್ಲಿ ಸಿಕ್ಕ ಬೈಥೊರಾಕ್ಸ್ ಇನ್ನೂ ವಿಚಿತ್ರ: ರೆಕ್ಕೆಯ ಹಿಂದೆ ತೂಕ ಹಿಡಿಯುವ ಸಣ್ಣ ಗುಬುಟು ಇರಬೇಕಾದ ಕಡೆ ರೆಕ್ಕೆಯ ಭಾಗವೇ ಮೂಡುತ್ತಿತ್ತು.

ಜೀನ್ ಎಲ್ಲಿದೆ ಎಂದು ಬ್ರಿಡ್ಜಸ್ ಹೇಳಬಲ್ಲವನಾಗಿದ್ದ. ಅದು ಏನು ಮಾಡುತ್ತದೆ, ಕಾಲು ಇಷ್ಟುದ್ದ ಬೆಳೆದ ಮೇಲೆ ಸಾಕು ಎಂದು ಹೇಳುವವರು ಯಾರು, ಇದನ್ನು ಹೇಳಲು ಅವನ ಕಾಲದಲ್ಲಿ ಯಾರಿಗೂ ದಾರಿಯಿರಲಿಲ್ಲ. ಜೀನ್ ಯಾವ ವಸ್ತುವಿನದೆಂದೇ ಗೊತ್ತಿರಲಿಲ್ಲವಲ್ಲ. ಮಾರ್ಗನ್ನರಿಗೂ ಈ ಕೊರಗು ಇತ್ತು. ಅವರು ಮೂಲತಃ ಭ್ರೂಣಶಾಸ್ತ್ರದವರು, ಕಡಿದ ಹುಳು ಮತ್ತೆ ಅಳತೆಗೆ ಸರಿಯಾಗಿ ಬೆಳೆಯುವುದು ಹೇಗೆಂದು ತಲೆ ಕೆಡಿಸಿಕೊಂಡವರು. ಉತ್ತರ ಸಿಗದ ಬಗೆಗಳನ್ನು ಬ್ರಿಡ್ಜಸ್ ಎಸೆಯಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬಾಟಲಿ ಬದಲಿಸುತ್ತ ಸಾಕಿದ. ಇದು ವಾರಗಟ್ಟಲೆ ರಜೆ ಹಾಕಲಾಗದ ದನ ಸಾಕುವ ಕೆಲಸದ ಹಾಗೆ. ಒಂದೆರಡು ತಿಂಗಳು ಮರೆತರೆ ತಳಿಯೇ ಅಳಿಯುತ್ತದೆ.

ಇಷ್ಟು ಮಾಡಿದವನ ಸಂಸಾರ ಮತ್ತು ಸಂಬಳದ ಕಥೆ ಸುಖದ್ದಲ್ಲ. ಬ್ರಿಡ್ಜಸ್ ಎಂದೂ ಪ್ರಾಧ್ಯಾಪಕನಾಗಲಿಲ್ಲ. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ ಮಾರ್ಗನ್ನರ ತಂಡಕ್ಕೆ ಕೊಡುತ್ತಿದ್ದ ಅನುದಾನದಲ್ಲೇ ಅವನ ಜೀವನ ಸಾಗಿತು. ಎಡಪಂಥದ ಒಲವು, ಪ್ರೇಮದ ವಿಷಯದಲ್ಲಿ ಕಟ್ಟುಪಾಡು ಬೇಡವೆಂಬ ನಂಬಿಕೆ, ನೋಡಲು ಸುಂದರ. ಮದುವೆ ಉಳಿಯಲಿಲ್ಲ, ಅವನ ಪ್ರೇಮಪ್ರಸಂಗಗಳು ಸುದ್ದಿಯಾದವು. ಕಟ್ಟುನಿಟ್ಟಿನ ಸಂಸಾರಿಯಾದ ಮಾರ್ಗನ್ನರಿಗೆ ಇದು ಹಿಡಿಸುತ್ತಿರಲಿಲ್ಲ, ಆದರೂ ಕೈಬಿಡಲಿಲ್ಲ. ಹೆಂಡತಿ ಮಕ್ಕಳು ಅನುಭವಿಸಿದ್ದನ್ನು ನಾವು ಹಗುರ ಮಾಡುವುದಿಲ್ಲ. ಅವನ ಸಭ್ಯತೆ, ಉದಾರತೆಯನ್ನು ಜೊತೆಯವರು ನೆನೆದದ್ದೂ ಸುಳ್ಳಲ್ಲ. ತನ್ನ ಲಾಭಕ್ಕೆ ಜಗಳ ತೆಗೆಯುವವನಲ್ಲ, ಕೇಳಿದವರಿಗೆ ಕೇಳಿದ ನೊಣ ಕಳಿಸಿಕೊಡುವವನು.

1928ರಲ್ಲಿ ಮಾರ್ಗನ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ, ಕ್ಯಾಲ್‌ಟೆಕ್ ಸಂಸ್ಥೆಗೆ ಹೋದಾಗ ಬ್ರಿಡ್ಜಸ್, ಸ್ಟರ್ಟೆವಂಟ್, ಬಾಟಲಿಗಳು ಎಲ್ಲ ಜೊತೆಗೆ ಹೋದವು. ಅಲ್ಲಿ ಬ್ರಿಡ್ಜಸ್ ಬಿಡುವಿನಲ್ಲಿ ಗಾಳಿ ಸೀಳಿ ಓಡುವ ಆಕಾರದ ತಗ್ಗು ಕಾರೊಂದನ್ನು ಸ್ವಂತ ಕೈಯಿಂದ ಕಟ್ಟಿದ. ನಡುವೆ ರಷ್ಯಾಕ್ಕೂ ಹೋಗಿ ಲೆನಿನ್‌ಗ್ರಾದ್‌ನಲ್ಲಿ ಕೆಲವು ತಿಂಗಳು ನೊಣದ ಕೆಲಸ ಮಾಡಿಬಂದ. 1933ರಲ್ಲಿ ಮಾರ್ಗನ್ನರಿಗೆ ನೊಬೆಲ್ ಬಂತು. ಪ್ರಶಸ್ತಿಪತ್ರದಲ್ಲಿ ಒಂದೇ ಹೆಸರು. ಮಾರ್ಗನ್ ಆ ಹಣವನ್ನು ತಮ್ಮ ಮಕ್ಕಳ ಜೊತೆಗೆ ಸ್ಟರ್ಟೆವಂಟ್ ಮತ್ತು ಬ್ರಿಡ್ಜಸರ ಮಕ್ಕಳ ಓದಿಗೂ ಹಂಚಿದರು. ಮಗ್ಗದ ಮಾಲೀಕ ದೀಪಾವಳಿ ಬೋನಸ್ ಕೊಟ್ಟ ಹಾಗಲ್ಲ ಅದು, ಪಾಲುದಾರರ ಪಾಲು ಎಂದೇ ನಮ್ಮ ತಿಳಿವಳಿಕೆ.

ಕೊನೆಯ ಐದು ವರ್ಷ ಬ್ರಿಡ್ಜಸನ ಅತ್ಯಂತ ಫಲವತ್ತಾದ ಕಾಲ. ಮರಿಹುಳುವಿನ ಜೊಲ್ಲುಗ್ರಂಥಿಯ ವರ್ಣತಂತುಗಳು ಬಹಳ ದಪ್ಪ, ಅವುಗಳ ಮೇಲೆ ಇಳಕಲ್ ಸೀರೆಯ ಪಟ್ಟಿಗಳ ಹಾಗೆ ಗೆರೆಗಳಿವೆ ಎಂದು 1933ರಲ್ಲಿ ಥಿಯೊಫಿಲಸ್ ಪೇಂಟರ್ ತೋರಿಸಿದ್ದರು. ಬ್ರಿಡ್ಜಸ್ ಆ ಗೆರೆಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಿ 1935ರಲ್ಲಿ ಪೂರ್ತಿ ನಕ್ಷೆ ಪ್ರಕಟಿಸಿದ. ಒಟ್ಟು 102 ವಿಭಾಗ, ಒಂದೊಂದರಲ್ಲಿ ಆರು ಉಪವಿಭಾಗ, ಸಾವಿರಾರು ಗೆರೆ. ನಮ್ಮ ತಲಾಠಿ ಕಚೇರಿಯ ಗಟ್ ನಂಬರಿನ ಹಾಗೆ ಇಂದಿಗೂ ನೊಣದ ಯಾವುದೇ ಜೀನ್‌ನ ವಿಳಾಸ ಹೇಳುವಾಗ ಆ ಸಂಖ್ಯೆಗಳನ್ನೇ ಬಳಸುತ್ತಾರೆ. 1936ರಲ್ಲಿ ಬಾರ್ ಎಂಬ ಕಿರಿದಾದ ಕಣ್ಣಿನ ನೊಣದಲ್ಲಿ ವರ್ಣತಂತುವಿನ ಒಂದು ತುಣುಕು ಎರಡು ಸಲ ಬಂದಿದೆ ಎಂದು ಗೆರೆ ನೋಡಿಯೇ ತೋರಿಸಿದ. 1934ರಲ್ಲಿ ಮಿಲಿಸ್ಲಾವ್ ಡೆಮೆರೆಕ್ ಜೊತೆ ಸೇರಿ ನೊಣ ಸಾಕುವವರಿಗಾಗಿಯೇ ಒಂದು ಸಮಾಚಾರ ಪತ್ರಿಕೆ ಶುರು ಮಾಡಿದ. ಯಾರ ಬಳಿ ಯಾವ ತಳಿ ಇದೆ, ಊಟ ಹೇಗೆ ಬೇಯಿಸುವುದು, ಇಂಥದೇ ಸಂಗತಿ. ಒಂದು ಬುಲೆಟಿನ್ ನಡೆಸುವ ಕಷ್ಟ ನಮಗೂ ಗೊತ್ತು, ಅದಕ್ಕೇ ಈ ಸಾಲು ಬಿಡಲಿಲ್ಲ.

1938ರ ಡಿಸೆಂಬರ್ 27ರಂದು ಲಾಸ್ ಏಂಜಲಿಸ್‌ನಲ್ಲಿ ಹೃದಯದ ಕಾಯಿಲೆಯಿಂದ ಬ್ರಿಡ್ಜಸ್ ತೀರಿಕೊಂಡ. ಐವತ್ತು ತುಂಬಲು ಎರಡು ವಾರ ಬಾಕಿ. ನಕ್ಷೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ತಿದ್ದುವ ಕೆಲಸ ಅರ್ಧಕ್ಕೆ ನಿಂತಿತು.

ಬಾಟಲಿಗಳು ಉಳಿದವು. ಮರುವರ್ಷ ಕ್ಯಾಲ್‌ಟೆಕ್‌ಗೆ ವಿದ್ಯಾರ್ಥಿಯಾಗಿ ಬಂದ ಎಡ್ವರ್ಡ್ ಲೂಯಿಸ್ ಬೈಥೊರಾಕ್ಸ್ ಹಿಡಿದು ಕುಳಿತರು. ಯಾವ ಅಂಗ ಎಲ್ಲಿ ಮೂಡಬೇಕೆಂದು ತೀರ್ಮಾನಿಸುವ ಜೀನ್‌ಗಳ ಗುಂಪನ್ನು ಬಿಡಿಸಿ ತೋರಿಸಿದ್ದಕ್ಕೆ 1995ರಲ್ಲಿ ನೊಬೆಲ್ ಹಂಚಿಕೊಂಡರು.

ಮಿನಿಟ್ ನೊಣದ ಗುಟ್ಟು 1975ರಲ್ಲಿ ಹೊಸ ತಿರುವು ಪಡೆಯಿತು. ಮ್ಯಾಡ್ರಿಡ್‌ನ ಹಿನೆಸ್ ಮೊರಾಟಾ ಮತ್ತು ಪೆದ್ರೊ ರಿಪೋಲ್ ಒಂದೇ ರೆಕ್ಕೆಯಲ್ಲಿ ಮಿನಿಟ್ ಜೀವಕೋಶಗಳ ನಡುವೆ ಸಾಮಾನ್ಯ ಜೀವಕೋಶಗಳನ್ನು ಹುಟ್ಟಿಸಿ ನೋಡಿದರು. ಚುರುಕಾದವು ನಿಧಾನದವನ್ನು ಒತ್ತರಿಸಿ ಅವುಗಳ ಜಾಗ ಹಿಡಿದವು. ಆಶ್ಚರ್ಯವೆಂದರೆ ಕೊನೆಗೆ ರೆಕ್ಕೆಯ ಅಳತೆ ಮಾತ್ರ ಇದ್ದಷ್ಟೇ! ಪ್ರೋಟೀನ್ ನೇಯುವ ಕಾರ್ಖಾನೆಯಾದ ರೈಬೋಸೋಮಿನ ಒಂದೊಂದು ಭಾಗದ ಜೀನ್ ಅರ್ಧ ಪ್ರಮಾಣದಲ್ಲಿರುವುದೇ ಮಿನಿಟ್ ಎಂದು ನಂತರ ತಿಳಿಯಿತು. ಅಂದರೆ ಬೆಳೆಯುವ ವೇಗ ಬೇರೆ, ನಿಲ್ಲುವ ಅಳತೆ ಬೇರೆ.

ನಿಲ್ಲಿಸುವವರು ಯಾರು ಎಂಬುದಕ್ಕೆ ಉತ್ತರದ ಒಂದು ಭಾಗ ಡ್ಯಾಕ್ಸ್‌ನಿಂದ ಬಂತು. ಮರಿಹುಳುವಿನೊಳಗೆ ಮುಂದಿನ ರೆಕ್ಕೆಗಾಗಿ ಒಂದು ಪುಟ್ಟ ಚೀಲವಿರುತ್ತದೆ. ಮೊದಲು ಕೆಲವು ಹತ್ತು ಜೀವಕೋಶ, ನಾಲ್ಕೈದು ದಿನದಲ್ಲಿ ಹತ್ತಾರು ಸಾವಿರ. ಆಮೇಲೆ ಬೆಳವಣಿಗೆ ನಿಲ್ಲುತ್ತದೆ. ಇದನ್ನು ಕಾಯುವುದು ಕೈನೇಸ್ ಎಂಬ ಕಿಣ್ವಗಳ ಒಂದು ಸರಪಳಿ. ಕೈನೇಸ್‌ನ ಕೆಲಸ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟಿನ ಮುದ್ರೆ ಒತ್ತುವುದು. ಹಿಪ್ಪೊ ಎಂಬ ಕಿಣ್ವ ವಾರ್ಟ್ಸ್ ಎಂಬ ಕಿಣ್ವಕ್ಕೆ ಮುದ್ರೆ ಒತ್ತುತ್ತದೆ, ವಾರ್ಟ್ಸ್ ಯಾರ್ಕಿ ಎಂಬ ಪ್ರೋಟೀನಿಗೆ ಒತ್ತುತ್ತದೆ. ಮುದ್ರೆ ಬಿದ್ದ ಯಾರ್ಕಿ ಜೀವಕೋಶದ ನಡುಮನೆಗೆ ಹೋಗಲಾರದು, ಬೆಳೆಯುವ ಜೀನ್‌ಗಳನ್ನು ಎಬ್ಬಿಸಲಾರದು. ಹೊಕ್ಕು ನೂಲು ಕಡಿದ ಕೂಡಲೆ ಮಗ್ಗ ತಾನೇ ನಿಲ್ಲುವ ಏರ್ಪಾಟು ಇಚಲಕರಂಜಿಯವರಿಗೆ ಗೊತ್ತು. ಇದೂ ಅಂಥದೇ. ವಾರ್ಟ್ಸ್ 1995ರಲ್ಲಿ, ಹಿಪ್ಪೊ 2003ರಲ್ಲಿ, ಯಾರ್ಕಿ 2005ರಲ್ಲಿ ತಿಳಿದುಬಂದವು. ಹಿಪ್ಪೊ ಕೆಟ್ಟ ನೊಣದ ತಲೆ ನೀರಾನೆಯ ತಲೆಯ ಹಾಗೆ ಊದಿ ಮಡಿಕೆ ಬೀಳುತ್ತದೆ, ಅದಕ್ಕೇ ಆ ಹೆಸರು.

ಈ ಸರಪಳಿಗೆ ಅಕ್ಕಪಕ್ಕದ ಸುದ್ದಿ ತಲುಪಿಸುವವುಗಳಲ್ಲಿ ಒಂದು ಫ್ಯಾಟ್. ಜೀವಕೋಶದ ಅಂಚಿನಲ್ಲಿ ನಿಂತು ಪಕ್ಕದ ಜೀವಕೋಶವನ್ನು ಹಿಡಿದುಕೊಳ್ಳುವ ಬಹು ದೊಡ್ಡ ಪ್ರೋಟೀನ್ ಇದು. ಇದರ ತಳಿಯನ್ನು ಗುರುತಿಸಿದವರು ಮಾರ್ಗನ್ನರ ಕೋಣೆಯಲ್ಲಿ ಕೆಲಸ ಕಲಿತು ಹೋದ ನಾರ್ವೆಯ ಒಟ್ಟೊ ಮೋರ್. ಫ್ಯಾಟ್ ಪೂರ್ತಿ ಇಲ್ಲವಾದರೆ ರೆಕ್ಕೆಯ ಚೀಲ ಅಳತೆ ಮೀರಿ ಬೆಳೆಯುತ್ತದೆ. 2006ರಲ್ಲಿ ಗೊತ್ತಾದದ್ದು ಇಷ್ಟು: ಫ್ಯಾಟ್ ತಡೆಹಿಡಿಯುವುದು ಡ್ಯಾಕ್ಸ್ ಪ್ರೋಟೀನನ್ನು, ಡ್ಯಾಕ್ಸ್ ಕುಗ್ಗಿಸುವುದು ವಾರ್ಟ್ಸ್ ಕಿಣ್ವವನ್ನು. ಡ್ಯಾಕ್ಸ್ ಇಲ್ಲದ ನೊಣದಲ್ಲಿ ವಾರ್ಟ್ಸ್‌ಗೆ ಎದುರಿಲ್ಲ, ಹಾಗಾಗಿ ಬೆಳವಣಿಗೆ ಬೇಗ ನಿಲ್ಲುತ್ತದೆ, ಕಾಲು ಮೋಟಾಗುತ್ತದೆ. ಫ್ಯಾಟ್ ಮತ್ತು ಡ್ಯಾಕ್ಸ್ ಎರಡೂ ಇಲ್ಲದಿದ್ದರೆ ಅತಿಬೆಳವಣಿಗೆ ಅಡಗುತ್ತದೆ. ಬ್ರಿಡ್ಜಸ್ ಕಂಡ ಚೋಟುಕಾಲಿಗೆ ಕಾರಣ ತಿಳಿಯಲು ಸುಮಾರು ತೊಂಬತ್ತು ವರ್ಷ ಬೇಕಾಯಿತು.

ಮನುಷ್ಯರ ಜೀವಕೋಶದಲ್ಲೂ ಇದೇ ಸರಪಳಿ ಬೇರೆ ಹೆಸರುಗಳಲ್ಲಿದೆ. ಹಿಪ್ಪೊ, ವಾರ್ಟ್ಸ್, ಯಾರ್ಕಿಗಳ ಜೋಡಿಗಳನ್ನು ಎಂಎಸ್‌ಟಿ, ಲ್ಯಾಟ್ಸ್, ಯ್ಯಾಪ್ ಎನ್ನುತ್ತಾರೆ. ಹಲವು ಬಗೆಯ ಕ್ಯಾನ್ಸರ್ ಗಡ್ಡೆಗಳಲ್ಲಿ ಯ್ಯಾಪ್ ಲಗಾಮು ಹರಿದುಕೊಂಡಿರುವುದು ಕಂಡಿದೆ, ಅದನ್ನು ಹಿಡಿದು ಕಟ್ಟುವ ಔಷಧಕ್ಕಾಗಿ ಹುಡುಕಾಟ ನಡೆದಿದೆ.

ಬ್ರಿಡ್ಜಸ್ ಕೂಡಿಟ್ಟ ತಳಿಗಳ ಸಂಗ್ರಹ ಅವನ ನಂತರ ಲೂಯಿಸ್ ಅವರ ಕೈಯಲ್ಲಿ ಬಾಳಿ, ಅಲ್ಲಿಂದ ಇಂಡಿಯಾನಾದ ಬ್ಲೂಮಿಂಗ್ಟನ್‌ಗೆ ಹೋಯಿತು. ಈಗ ಅದು ಜಗತ್ತಿನ ಅತಿ ದೊಡ್ಡ ನೊಣದ ಭಂಡಾರ. ಬೆಂಗಳೂರು, ಮೈಸೂರು, ಪುಣೆಯಂಥ ಊರುಗಳ ಪ್ರಯೋಗಾಲಯದವರೂ ಬೇಕಾದ ತಳಿಯನ್ನು ಅಂಥ ಭಂಡಾರಗಳಿಂದ ಟಪಾಲಿನಲ್ಲಿ ತರಿಸಿಕೊಳ್ಳುತ್ತಾರೆ, ಬಂದ ಕೂಡಲೆ ಹೊಸ ಬಾಟಲಿಗೆ ವರ್ಗಾಯಿಸುತ್ತಾರೆ.